ಕೆರೆ ದಂಡೆಯ ಮೇಲೆ ವಾರ್ಡ್ ಸಭೆ

ಗದಗ ಜಿಲ್ಲೆ ರೋಣ ತಾಲೂಕಿನ ನಮ್ಮ ಭಾಗದಲ್ಲಿ ಬೋರು ಕೊರೆದರೆ ಬರುವುದು ಸವಳು ನೀರು. ಬ್ಯಾಳಿ ಬೇಯುವುದಿಲ್ಲ, ಬಾಯಿಗೂ ಹಿಡಿಸುವುದಿಲ್ಲ. ಹಾಗಾಗಿ ಎರಿ ನೆಲದ ನಮ್ಮಂಥ ಊರುಗಳು ಕುಡಿಯುವ ನೀರಿನ ಕೆರೆಯನ್ನೇ ನಂಬಿಕೊಂಡು ಬಂದಿವೆ. ಮಳೆ ಸಾಲದಿದ್ದರೆ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭಾ ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಳ್ಳಬೇಕು. 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು, ಮೊದಲ ಮೂವತ್ತು ತಿಂಗಳಿಗೆ ನಾನು ಪಂಚಾಯಿತಿ ಅಧ್ಯಕ್ಷೆಯಾದಾಗ ನಮ್ಮ ಕೆರೆ ಹೂಳಿನಿಂದ ಅರ್ಧ ಮುಚ್ಚಿತ್ತು. ತಂತಿ ಬೇಲಿ ಕಿತ್ತುಹೋಗಿ ಎಮ್ಮೆಗಳು ಇಳಿಯುತ್ತಿದ್ದವು. ಹಬ್ಬ ಬಂತೆಂದರೆ ಕೌದಿ ಒಗೆಯುವುದೂ ಅಲ್ಲಿಯೇ. ಶುದ್ಧ ನೀರಿನ ಘಟಕ ಬಂದ ಮೇಲಂತೂ ಕೆರೆಯ ಮೇಲಿನ ಅಕ್ಕರೆಯೇ ಕಡಿಮೆಯಾಗಿತ್ತು. ಘಟಕಕ್ಕೂ ನೀರು ಹೋಗುವುದು ಅದೇ ಕೆರೆಯಿಂದ ಎಂಬುದನ್ನು ಕೊಡ ಹೊರುವ ಹೆಂಗಸರು ಮರೆತಿರಲಿಲ್ಲ, ಕ್ಯಾನ್ ತರಿಸುವ ಮನೆಯವರು ಮರೆತಿದ್ದರು.

ಮೊದಲ ವರ್ಷ ನಾನು ದೊಡ್ಡ ತಪ್ಪು ಮಾಡಿದೆ. ಸದಸ್ಯರ ಸಾಮಾನ್ಯ ಸಭೆಯಲ್ಲಿ ಠರಾವು ಪಾಸು ಮಾಡಿಸಿದೆ: ಕೆರೆಗೆ ದನ ಇಳಿಸಿದರೆ ದಂಡ, ಬಟ್ಟೆ ಒಗೆದರೆ ದಂಡ. ಗೋಡೆಗೆ ನೋಟಿಸು ಹಚ್ಚಿದ್ದೂ ಆಯಿತು. ವಾರದೊಳಗೆ ನೋಟಿಸು ಹರಿದುಹೋಯಿತು, ಎಮ್ಮೆಗಳು ಮತ್ತೆ ನೀರಲ್ಲಿದ್ದವು. ನಮ್ಮ ಓಣಿಯ ಹಿರಿಯಳೊಬ್ಬಳು ಕೊಡ ಕೆಳಗಿಟ್ಟು ನನ್ನನ್ನು ನಿಲ್ಲಿಸಿ ಕೇಳಿದಳು: "ಅಲ್ಲಬೇ ಯವ್ವಾ, ನೀರು ಹೊರೋರು ನಾವು. ಠರಾವು ಮಾಡೋ ಮುಂದ ನಮ್ನ ಕೇಳಿದೇನ?"

ಕೇಳಿರಲಿಲ್ಲ. ಗ್ರಾಮಸಭೆ ಎಂದರೆ ಮುಂಜಾನೆ ಹನ್ನೊಂದಕ್ಕೆ, ಹೆಂಗಸರು ಹೊಲದಲ್ಲಿರುವ ಹೊತ್ತಿಗೆ. ಕುಡಿಯುವ ನೀರು, ಸಣ್ಣ ನೀರಾವರಿ, ಜಲಾನಯನ ಎಲ್ಲ ಸಂವಿಧಾನದ ಹನ್ನೊಂದನೇ ಅನುಸೂಚಿಯ 29 ವಿಷಯಗಳಲ್ಲಿ ಸೇರಿವೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆದರೆ ಸಭೆಯನ್ನು ಯಾವ ಹೊತ್ತಿಗೆ, ಎಲ್ಲಿ ಕರೆಯಬೇಕು ಎಂಬುದೇ ಅರ್ಧ ಕೆಲಸ ಎನ್ನುವುದು ನನಗೆ ತಿಳಿದದ್ದು ಆ ಕೊಡದ ಮುಂದೆ.

2022ರ ಬೇಸಿಗೆಗೆ ಮೊದಲು ಒಂದೊಂದು ವಾರ್ಡ್ ಸಭೆಯನ್ನೂ ಕೆರೆಯ ಮೆಟ್ಟಿಲ ಮೇಲೆ, ನಸುಕಿನಲ್ಲಿ ನೀರು ಒಯ್ಯುವ ಹೊತ್ತಿಗೆ ಕರೆದೆವು. ಡಂಗುರ ಸಾರಿಸಿದೆವು. ಅಲ್ಲಿ ಬಂದ ಮಾತುಗಳನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅಲ್ಲೇ ಕೂತು ಬರೆದುಕೊಂಡರು, ಗ್ರಾಮಸಭೆಯಲ್ಲಿ ಅವನ್ನೇ ಓದಿದೆವು. ಹೆಂಗಸರು ದಂಡ ಕೇಳಲಿಲ್ಲ. ಒಗೆಯಲು ಬೇರೆ ಕಟ್ಟೆ ಕೇಳಿದರು, ದನಗಳಿಗೆ ನೀರು ಕುಡಿಯುವ ದೋಣಿ ಕೇಳಿದರು, ಓಣಿಗೊಂದರಂತೆ ಕಾವಲಿನ ಪಾಳಿ ಅವರೇ ಹಚ್ಚಿಕೊಂಡರು.

ಹೂಳಿನ ವಿಷಯ ಬಗೆಹರಿಯಲು ಬಹಳ ದಿನ ಹಿಡಿಯಿತು. ಕೆರೆ ಪೂರ್ತಿ ಬತ್ತಿಸಿದರೆ ಊರು ಏನು ಕುಡಿಯಬೇಕು? ನಡುವೆ ಮಣ್ಣಿನ ಒಡ್ಡು ಹಾಕಿ ಒಂದು ಮಗ್ಗುಲಲ್ಲಿ ನೀರು ಉಳಿಸಿಕೊಂಡು, ಇನ್ನೊಂದು ಮಗ್ಗುಲಲ್ಲಿ ಹೂಳು ಎತ್ತಿದೆವು. ಉದ್ಯೋಗ ಖಾತ್ರಿಯಲ್ಲಿ ಆ ವರ್ಷ ದಿನಗೂಲಿ 309 ರೂಪಾಯಿ, ಗಂಡಸರಿಗೂ ಹೆಂಗಸರಿಗೂ ಒಂದೇ. ಬೇಲಿ ಮತ್ತು ಮರಳು ಶೋಧಕದ ದುರಸ್ತಿಗೆ ಹದಿನೈದನೇ ಹಣಕಾಸು ಆಯೋಗದ ಅನುದಾನ. ಅದರಲ್ಲಿ ಶೇ. 60 ಭಾಗ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು.

ತಕರಾರು ಎದ್ದದ್ದು ಎತ್ತಿದ ಮಣ್ಣಿನ ಮೇಲೆ. ಅದನ್ನು ಹೊಲಕ್ಕೆ ಒಯ್ಯಲು ಟ್ರ್ಯಾಕ್ಟರ್ ಇದ್ದವರು ಮೊದಲ ದಿನವೇ ಸಾಲುಗಟ್ಟಿ ನಿಂತರು. ಕೆಲಸ ನಿಲ್ಲಿಸಿ ಮತ್ತೆ ಸಭೆ ಕೂಡಿಸಿದೆವು. ಎರಡು ಎಕರೆಯೊಳಗಿನವರಿಗೆ ಮೊದಲ ಹೇರು, ಉಳಿದವರು ಹೇರಿಗೆ ಇಷ್ಟು ಎಂದು ಪಂಚಾಯಿತಿಗೆ ಕಟ್ಟಬೇಕು ಎಂದಾಯಿತು. ಅಧ್ಯಕ್ಷರಾಗುವ ಅಕ್ಕ-ತಂಗಿಯರಿಗೆ ಒಂದು ಮಾತು ಹೇಳುತ್ತೇನೆ: ರಸೀದಿ ಹರಿಯದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ನನ್ನ ಮೇಲೆ ಅರ್ಜಿ ಹಾಕಿದಾಗ ಕಾಪಾಡಿದ್ದು ಆ ರಸೀದಿ ಪುಸ್ತಕವೇ.

ಕಾಲುವೆಯ ಕಷ್ಟ ಮಾತ್ರ ಇನ್ನೂ ತೀರಿಲ್ಲ. ಕೆರೆಗಾಗಿ ಬಿಟ್ಟ ನೀರನ್ನು ದಾರಿಯಲ್ಲೇ ಪಂಪು ಹಚ್ಚಿ ಎತ್ತುತ್ತಾರೆ, ಆ ದಂಡೆ ನಮ್ಮ ಪಂಚಾಯಿತಿಯ ಸರಹದ್ದಿನೊಳಗೆ ಬರುವುದಿಲ್ಲ. ಮೇಲಿನ ಊರಿನ ಅಧ್ಯಕ್ಷರ ಮನೆಗೆ ನಾವೇ ಹೋಗಿ ಕೂತೆವು, ನೀರು ಬಿಡುವ ದಿನಗಳಲ್ಲಿ ಪಂಪ್‌ಸೆಟ್ಟುಗಳ ಕರೆಂಟು ತೆಗೆಯಬೇಕೆಂದು ಎರಡೂ ಪಂಚಾಯಿತಿಗಳಿಂದ ತಹಶೀಲ್ದಾರರಿಗೆ ಬರೆದೆವು. ಒಂದು ಸರತಿ ನಡೆಯಿತು, ಇನ್ನೊಂದು ಸರತಿ ನಡೆಯಲಿಲ್ಲ. ರಾತ್ರಿ ಬ್ಯಾಟರಿ ಹಿಡಿದು ಕಾಲುವೆ ಗುಂಟ ತಿರುಗುವ ಹುಡುಗರು ಇವತ್ತಿಗೂ ಬೇಕು.

2023ರಲ್ಲಿ ಮಳೆ ಕೈಕೊಟ್ಟು ಬರ ಬಿತ್ತು. ಅಷ್ಟರಲ್ಲಿ ನನ್ನ ಅವಧಿ ಮುಗಿದು ಬರೀ ಸದಸ್ಯೆಯಾಗಿದ್ದೆ. ಪಕ್ಕದ ಊರಿನವರು ನಮ್ಮ ಕೆರೆಯಿಂದ ಟ್ಯಾಂಕರಿಗೆ ನೀರು ಕೇಳಿಕೊಂಡು ಬಂದರು. ಸಭೆಯಲ್ಲಿ ನಾನು ಬೇಡ ಎಂದೆ, ಇಷ್ಟು ದುಡಿದು ಉಳಿಸಿದ ನೀರು ಎಂಬ ಹಟ ನನಗೆ. ಮಧ್ಯಾಹ್ನದ ತನಕ ವಾದ ನಡೆದು ಸಭೆ ಕೊಡಬೇಕೆಂದೇ ಹೇಳಿತು: ನೀರು ಇಳಿದು ಕೆರೆಯ ಅಳತೆಗೋಲಿನ ಗುರುತು ಕಾಣುವವರೆಗೆ ದಿನಕ್ಕೆ ಎರಡು ಟ್ಯಾಂಕರ್. ಕೋಲಿನ ಹತ್ತಿರ ನಿಂತು ನೋಡಿಕೊಳ್ಳುವ ಪಾಳಿ ನಮ್ಮ ಓಣಿಗೆ ಬಂದ ದಿನ ನಾನೂ ಹೋಗಿ ನಿಂತೆ.