ಲೇತ್‌ಗಳನ್ನು ನಿಲ್ಲಿಸಿದೆ, ಮಾಲು ಬೇಗ ಹೊರಟಿತು

ಯಂತ್ರಗಳನ್ನು ಬೇಕೆಂದೇ ನಿಲ್ಲಿಸಿ ಉತ್ಪಾದನೆ ಹೆಚ್ಚಿಸುತ್ತೇನೆ ಎಂದಾಗ ನಕ್ಕವರೇ ಈಗ ಫೋನ್ ಮಾಡಿ ‘ಟ್ರಾಲಿ ಎಷ್ಟಿಟ್ಟಿರಿ?’ ಎಂದು ಕೇಳುತ್ತಿದ್ದಾರೆ. ಮಾಲು ಸಾಗಿಸುವ ಟ್ರಾಲಿಗಳನ್ನು ಕಡಿಮೆ ಮಾಡಿದ್ದೇ ನನ್ನ ಉಪಾಯ. ಒಬ್ಬೊಬ್ಬರಿಗೂ ಬಿಡಿಯಾಗಿ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ. ಲೀನ್ ಎಂದರೆ ತಯಾರಿಕೆಯಲ್ಲಿ ವ್ಯರ್ಥವನ್ನು ಕಡಿಮೆ ಮಾಡುವ ಪದ್ಧತಿ; ಅದರ ಏಳು ಬಗೆಯ ವ್ಯರ್ಥಗಳ ಪಟ್ಟಿ ಈ ಕ್ಷೇತ್ರದವರಿಗೆಲ್ಲ ಗೊತ್ತೇ ಇದೆ. ಆ ಪಟ್ಟಿ ನಮ್ಮ ಗೋಡೆಯ ಮೇಲೂ ಇತ್ತು. ಅದನ್ನು ಓದಲಾಗದಷ್ಟು ಎತ್ತರಕ್ಕೆ ಅರೆಸಿದ್ಧ ಮಾಲು ಅದರ ಮುಂದೆ ಪೇರಿಸಿತ್ತು.

ನಾನು ನೋಡಿಕೊಳ್ಳುವ ವಿಭಾಗದಲ್ಲಿ ಪಂಪ್ ಶಾಫ್ಟ್‌ಗಳು ತಯಾರಾಗುತ್ತವೆ. ಲೇತ್ (ಸರಳನ್ನು ತಿರುಗಿಸಿ ಕಡೆಯುವುದು), ಕೀವೇ ಮಿಲ್ಲಿಂಗ್ (ಉದ್ದ ಗಾಡಿ ಕೊರೆಯುವುದು), ಇಂಡಕ್ಷನ್ ಹಾರ್ಡನಿಂಗ್ (ವಿದ್ಯುತ್ತಿನಿಂದ ಕಾಯಿಸಿ ಗಡುಸು ಮಾಡುವುದು), ಗ್ರೈಂಡಿಂಗ್ (ನಿಖರ ಅಳತೆಗೆ ಉಜ್ಜುವುದು), ತಪಾಸಣೆ. ಒಂದು ಶಾಫ್ಟ್‌ಗೆ ಎಲ್ಲ ಸೇರಿ ಯಂತ್ರದ ಕೆಲಸ ಸುಮಾರು 40 ನಿಮಿಷ. ಆದರೆ ಸರಳು ಒಳಗೆ ಬಂದು ಶಾಫ್ಟ್ ಆಗಿ ಹೊರಹೋಗಲು ಆರು ವಾರ. ಇದರಲ್ಲಿ ರಹಸ್ಯವೇನೂ ಇರಲಿಲ್ಲ. ಒಳಗಿದ್ದದ್ದು ನಾಲ್ಕು ಸಾವಿರದಷ್ಟು ಶಾಫ್ಟ್, ದಿನಕ್ಕೆ ಹೊರಹೋಗುತ್ತಿದ್ದದ್ದು 110ರ ಆಸುಪಾಸು. ಭಾಗಿಸಿದರೆ 36 ಕೆಲಸದ ದಿನ. ಅಮೆರಿಕದ ಪ್ರಾಧ್ಯಾಪಕ ಜಾನ್ ಲಿಟಲ್ 1961ರಲ್ಲೇ ಸಾಧಿಸಿಕೊಟ್ಟ ಸೂತ್ರವಿದು. ಎಲ್ಲರೂ ತರಬೇತಿಯಲ್ಲಿ ಕಲಿಯುತ್ತಾರೆ, ಕಾರ್ಖಾನೆಯೊಳಗೆ ಬಂದ ಮೇಲೆ ಮರೆಯುತ್ತಾರೆ.

ನನಗಿಂತ ಮೊದಲು ಒಬ್ಬ ಸಲಹೆಗಾರರು ಬಂದು ಹೋಗಿದ್ದರು. ನೆಲಕ್ಕೆ ಹಳದಿ ಗೆರೆ, ಸ್ಪ್ಯಾನರ್‌ಗಳಿಗೆ ನೆರಳುಚಿತ್ರದ ಹಲಗೆ, ಕಸದ ಡಬ್ಬಿಗೂ ಹೆಸರುಪಟ್ಟಿ. ಅವರ ಶುಲ್ಕ ಇಡೀ ವಿಭಾಗದ ಒಂದು ತಿಂಗಳ ಸಂಬಳಕ್ಕೆ ಹತ್ತಿರವಿತ್ತು. ಅಂಗಳ ಚೊಕ್ಕಟವಾಯಿತು, ಆರು ವಾರ ಆರು ವಾರವಾಗಿಯೇ ಉಳಿಯಿತು. ಹಾಗಾಗಿ ನಾನು ಬಾಯಿ ತೆರೆದಾಗ ಯಜಮಾನರಿಗೆ ಕೇಳುವ ತಾಳ್ಮೆ ಇರಲಿಲ್ಲ ಎಂದರೆ ತಪ್ಪು ಅವರದಲ್ಲ.

ಮೊದಲು ಕಾನ್ಬಾನ್ ಕಾರ್ಡ್‌ಗಳನ್ನೇ, ಎಂದರೆ ಮುಂದಿನ ಹಂತಕ್ಕೆ ಮಾಲು ಬೇಕೆಂದು ಹೇಳುವ ಚೀಟಿಗಳನ್ನೇ, ಹಾಕಿ ನೋಡಿದೆವು. ಕಾರ್ಡ್ ಇಲ್ಲದೆ ಮಾಲು ಮಾಡಬಾರದು ಎಂಬ ನಿಯಮ. ಕೆಲವು ಕಾರ್ಡ್‌ಗಳು ಎಣ್ಣೆಯಲ್ಲಿ ನೆಂದವು, ಕೆಲವು ಜೇಬಿನಲ್ಲಿ ಮನೆಗೆ ಹೋದವು, ಕೊನೆಗೆ ಲೇತ್ ವಿಭಾಗದ ಫೋರ್‌ಮನ್ ನೆರಳಚ್ಚು ಮಾಡಿಸಿ ಒಂದು ಕಟ್ಟನ್ನೇ ಇಟ್ಟುಕೊಂಡಿರುವುದು ಬೆಳಕಿಗೆ ಬಂತು. ಅವರನ್ನು ಬೈಯುವುದರಲ್ಲಿ ಅರ್ಥವಿರಲಿಲ್ಲ. ಅವರ ಬೋನಸ್ ಇದ್ದದ್ದು ಲೇತ್‌ನಿಂದ ಇಳಿಯುವ ಶಾಫ್ಟ್‌ಗಳ ಲೆಕ್ಕದಲ್ಲಿ. ಗ್ರೈಂಡಿಂಗ್‌ಗೆ ದಿನಕ್ಕೆ 110 ನುಂಗುವ ಶಕ್ತಿ, ಲೇತ್‌ಗಳಿಗೆ 160 ಉಗುಳುವ ಶಕ್ತಿ. ಬೋನಸ್ ಹಾಗಿದ್ದರೆ ಯಾರು ತಾನೇ ಯಂತ್ರ ನಿಲ್ಲಿಸುತ್ತಾರೆ?

ಟ್ರಾಲಿಯ ಯೋಚನೆ ಹುಟ್ಟಿದ್ದು ಅಲ್ಲಿಂದ. ಟ್ರಾಲಿಯನ್ನು ನೆರಳಚ್ಚು ಮಾಡಿಸಲು ಬರುವುದಿಲ್ಲ. ಇದ್ದ ಇನ್ನೂರರಷ್ಟು ಟ್ರಾಲಿಗಳಲ್ಲಿ 50ನ್ನು ಹೊರಗಿಟ್ಟು ಉಳಿದವುಗಳನ್ನು ಗೋದಾಮಿಗೆ ಹಾಕಿ ಬೀಗ ಜಡಿದೆ. ಖಾಲಿ ಟ್ರಾಲಿ ಸಿಗದಿದ್ದರೆ ಲೇತ್ ನಿಲ್ಲಬೇಕು, ಅಷ್ಟೇ ನಿಯಮ. ಎರಡನೆಯ ವಾರಕ್ಕೆಲ್ಲ ಒಂದೊಂದು ಟ್ರಾಲಿಯಲ್ಲಿ ಮೂವತ್ತೈದು, ನಲವತ್ತು ಶಾಫ್ಟ್ ಒಂದರ ಮೇಲೊಂದು ಮಲಗಿದ್ದವು. ಅದಕ್ಕೆ ಪ್ರತಿ ಟ್ರಾಲಿಗೂ ದಪ್ಪ ಮರದ ಹಲಗೆ ಕೂರಿಸಿ ಇಪ್ಪತ್ತು ತೂತು ಕೊರೆಸಿದೆ. ಶಾಫ್ಟ್ ನಿಂತುಕೊಳ್ಳಬೇಕು, ಮಲಗುವಂತಿಲ್ಲ. ಇಪ್ಪತ್ತೊಂದನೆಯದಕ್ಕೆ ಜಾಗವೇ ಇಲ್ಲ. ಇನ್ನೊಂದು ಲಾಭ ನಾನು ಎಣಿಸಿರದೇ ಸಿಕ್ಕಿತು: ಶಾಫ್ಟ್‌ಗಳು ಒಂದಕ್ಕೊಂದು ತಾಗಿ ಗೀರು ಬೀಳುವುದು ನಿಂತಿತು.

ನಿಂತ ಲೇತ್ ಕಂಡರೆ ಯಜಮಾನರಿಗೆ ಮೈಯೆಲ್ಲ ಉರಿ. ‘ಇಷ್ಟು ಸಾಲ ಮಾಡಿ ತಂದದ್ದು ನೋಡುತ್ತ ಕೂರುವುದಕ್ಕಾ?’ ಎಂದರು. ಸಾಲದ ಕಂತು ಲೇತ್ ತಿರುಗಿದರೂ ಅಷ್ಟೇ, ನಿಂತರೂ ಅಷ್ಟೇ. ತಿರುಗಿದರೆ ಅದರ ಜೊತೆಗೆ ಸರಳಿನ ಹಣ, ಇನ್ಸರ್ಟ್‌ನ (ಲೇತ್‌ನ ಕತ್ತರಿಸುವ ಮೊನೆಯ) ಹಣ, ವಿದ್ಯುತ್ತಿನ ಹಣ ಸೇರಿ ಆರು ವಾರ ಮೂಲೆಯಲ್ಲಿ ಕೊಳೆಯುತ್ತದೆ ಎಂದೆ. ಒಪ್ಪಲಿಲ್ಲ. ಒಂದು ತ್ರೈಮಾಸಿಕದ ಗಡುವು ಮಾತ್ರ ಕೊಟ್ಟರು.

ಆ ತ್ರೈಮಾಸಿಕದ ಲೆಕ್ಕ ಬಂದಾಗ ನನ್ನ ಕಥೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡರು. ಡೆಲಿವರಿ ಸುಧಾರಿಸಿತ್ತು, ಲಾಭ ಕುಸಿದಿತ್ತು! ಇದನ್ನು ಮೊದಲೇ ತಿಳಿದಿರಿ, ಇಲ್ಲದಿದ್ದರೆ ನಿಮ್ಮನ್ನೂ ಮನೆಗೆ ಕಳಿಸುತ್ತಾರೆ. ಅರೆಸಿದ್ಧ ಮಾಲಿನ ಬೆಲೆಯಲ್ಲಿ ಕೂಲಿ, ಬಾಡಿಗೆ, ಸವಕಳಿಯ ಪಾಲು ಸೇರಿ ದಾಸ್ತಾನಿನ ಖಾತೆಯಲ್ಲಿ ಆಸ್ತಿಯಾಗಿ ಕೂತಿರುತ್ತದೆ. ದಾಸ್ತಾನು ಕರಗಿಸಿದಾಗ ಹಳೆಯ ತಿಂಗಳುಗಳ ಆ ಖರ್ಚೆಲ್ಲ ಈ ತಿಂಗಳ ತಲೆಗೆ ಬರುತ್ತದೆ. ಬ್ಯಾಂಕಿನಲ್ಲಿ ಹಣ ಹೆಚ್ಚುತ್ತಿರುವಾಗಲೇ ಕಾಗದದಲ್ಲಿ ಲಾಭ ಇಳಿಯುತ್ತದೆ. ಇದು ಸಾಲದೆಂಬಂತೆ ರಾಶಿಯ ತಳದಲ್ಲಿ ಹಳೆಯ ನಕ್ಷೆಯ ಮುನ್ನೂರಕ್ಕೂ ಹೆಚ್ಚು ಶಾಫ್ಟ್ ಸಿಕ್ಕಿದವು. ಗ್ರಾಹಕರು ಆ ಮಾದರಿಯನ್ನೇ ಬಿಟ್ಟಿದ್ದರು, ಎಲ್ಲ ಗುಜರಿಗೆ. ನಾನು ಲಾಭ-ನಷ್ಟದ ಹಾಳೆಯನ್ನು ಪಕ್ಕಕ್ಕಿಟ್ಟು ಓವರ್‌ಡ್ರಾಫ್ಟ್ ಖಾತೆಯ ವಿವರ ಮುಂದಿಟ್ಟೆ. ಬಳಸಿದ ಮೊತ್ತ ಸುಮಾರು ಶೇ 40ರಷ್ಟು ಇಳಿದಿತ್ತು, ಬಡ್ಡಿಯೂ ಅದರ ಜೊತೆಗೆ. ಯಜಮಾನರು ಮಾತಾಡಲಿಲ್ಲ, ಗಡುವಿನ ಸುದ್ದಿಯನ್ನೂ ಎತ್ತಲಿಲ್ಲ.

ಬೋನಸ್ಸನ್ನು ಕೆಲವು ತಿಂಗಳು ಹಳೆಯ ಸರಾಸರಿಯಂತೆ ಕೊಟ್ಟು, ಬಳಿಕ ಎಲ್ಲ ವಿಭಾಗಕ್ಕೂ ಗೇಟು ದಾಟಿದ ಶಾಫ್ಟ್‌ಗಳ ಮೇಲೆಯೇ ಕಟ್ಟಿದೆವು. ಲೇತ್‌ನವರಲ್ಲಿ ಇಬ್ಬರು ತಪಾಸಣೆ ಕಲಿತರು. ಹಂಚಿಕೆಯ ಸೂತ್ರವನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕಾಗಿ ನಾನು ತುಂಬ ಜಗಳವಾಡಿದ್ದೇನೆ.

ರಾಶಿ ಕರಗಿದ ಮೇಲೆ ನಿಜವಾದ ತೊಂದರೆಗಳು ಕಾಣತೊಡಗಿದವು. ಟೊಯೊಟಾದ ಉತ್ಪಾದನಾ ಪದ್ಧತಿಯನ್ನು ಕಟ್ಟಿದ ತೈಚಿ ಓನೊ ಎಂಜಿನಿಯರ್‌ಗಳನ್ನು ಸೀಮೆಸುಣ್ಣದ ವೃತ್ತದೊಳಗೆ ನಿಲ್ಲಿಸಿ ಗಂಟೆಗಟ್ಟಲೆ ನೋಡಿಸುತ್ತಿದ್ದರಂತೆ. ನಾನು ವೃತ್ತ ಎಳೆಯದೆಯೇ ಗ್ರೈಂಡಿಂಗ್ ಪಕ್ಕ ನಿಂತೆ. ಎಲ್ಲಕ್ಕೂ ಅಡ್ಡಿಯಾಗಿದ್ದ ಆ ಯಂತ್ರವೇ ಕಾಲುಭಾಗದಷ್ಟು ಹೊತ್ತು ಸುಮ್ಮನಿತ್ತು! ಮೊದಲ ಶಾಫ್ಟ್‌ಗೆ ತಪಾಸಣೆಯವರ ಸಹಿ ಬರುವ ತನಕ ಕಾಯುವುದು, ಮೈಕ್ರೊಮೀಟರ್ ಇನ್ನೊಂದು ಮೇಜಿನಲ್ಲಿರುವುದು, ಊಟದ ಹೊತ್ತಿಗೆ ಎಲ್ಲರೊಡನೆ ನಿಲ್ಲುವುದು. ಸಹಿಯ ಅಧಿಕಾರವನ್ನು ಆಪರೇಟರ್‌ಗೇ ಕೊಟ್ಟೆವು, ಊಟಕ್ಕೆ ಬದಲಿ ಆಳು ಇಟ್ಟೆವು. 110 ಇದ್ದದ್ದು 130 ದಾಟಿತು. ಎರಡನೆಯ ಗ್ರೈಂಡರ್ ಕೊಳ್ಳುವ ಕಡತ ಅಲ್ಲಿಗೇ ಮುಚ್ಚಿತು. ಇಡೀ ಕೆಲಸದಲ್ಲಿ ಉಳಿತಾಯವಾದ ಅತಿ ದೊಡ್ಡ ಮೊತ್ತ ಅದೇ.

ತಿರಸ್ಕೃತ ಮಾಲಿನ ಲೆಕ್ಕವೂ ಬದಲಾಯಿತು. ಮೊದಲು ಲೇತ್‌ನಲ್ಲಿ ವ್ಯಾಸ ತಪ್ಪಿದರೆ ಅದು ಗ್ರೈಂಡಿಂಗ್‌ನಲ್ಲಿ ಗೊತ್ತಾಗುವಷ್ಟರಲ್ಲಿ ಅದೇ ತಪ್ಪಿನ ನೂರಾರು ಶಾಫ್ಟ್ ಹಿಂದೆ ಸಾಲುಗಟ್ಟಿರುತ್ತಿದ್ದವು. ಈಗ ಕೆಟ್ಟರೆ ಕೆಲವು ಟ್ರಾಲಿ ಕೆಡುತ್ತವೆ.

ಮಿಲ್ಲಿಂಗ್‌ನ ಸೆಟ್ಟಿಂಗ್, ಎಂದರೆ ಯಂತ್ರವನ್ನು ಒಂದು ಮಾದರಿಯಿಂದ ಇನ್ನೊಂದಕ್ಕೆ ಅಣಿಗೊಳಿಸುವುದು, ಎರಡೂವರೆ ಗಂಟೆ ಹಿಡಿಯುತ್ತಿದ್ದುದರಿಂದ ಒಂದೇ ಮಾದರಿಯ ಮುನ್ನೂರನ್ನು ಒಟ್ಟಿಗೇ ಓಡಿಸುತ್ತಿದ್ದರು. ಟೊಯೊಟಾದಲ್ಲಿ ಜಪಾನಿನ ಎಂಜಿನಿಯರ್ ಶಿಗಿಯೊ ಶಿಂಗೊ ಸಾವಿರ ಟನ್ನಿನ ಪ್ರೆಸ್ಸಿನ ಸೆಟ್ಟಿಂಗನ್ನು ನಾಲ್ಕು ಗಂಟೆಯಿಂದ ಮೂರು ನಿಮಿಷಕ್ಕೆ ಇಳಿಸಿದ ಸಂಗತಿ ಹೇಳಿದರೆ ನಮ್ಮ ಸೆಟ್ಟರ್ ‘ಅವರಲ್ಲಿ ಜನ ಜಾಸ್ತಿ’ ಎಂದರು. ವಿಡಿಯೊ ಮಾಡಿ ಅವರಿಗೇ ತೋರಿಸಿದೆ. ಒಂದು 17ರ ಸ್ಪ್ಯಾನರ್‌ಗಾಗಿ ಟೂಲ್ ರೂಮಿಗೆ ಹೋಗಿಬರುವುದು ನೋಡಿ ಅವರೇ ನಕ್ಕರು. ಶಾಫ್ಟ್ ಹಿಡಿದಿಡುವ ಎಲ್ಲ ಫಿಕ್ಸ್‌ಚರ್‌ಗಳ ತಳವನ್ನು ಒಂದೇ ದಪ್ಪಕ್ಕೆ ತಂದೆವು, ಬೋಲ್ಟ್‌ಗಳನ್ನು ಒಂದೇ ಅಳತೆಗೆ. 35 ನಿಮಿಷಕ್ಕೆ ಬಂದು ನಿಂತಿದೆ. ಅದಕ್ಕಿಂತ ಕೆಳಗಿಳಿಸಲು ಖರ್ಚು ಮಾಡುವಷ್ಟು ಲಾಭ ನನಗೆ ಕಾಣಲಿಲ್ಲ.

ಕೈಗೂಡದವೂ ಇವೆ. ಹಾರ್ಡನಿಂಗ್‌ನಿಂದ ಗ್ರೈಂಡಿಂಗ್‌ಗೆ ಒಂದೊಂದೇ ಶಾಫ್ಟ್ ಸಾಗಿಸುವ ಪ್ರಯೋಗ ನಡುವಿನ ತೊಳೆಯುವ ತೊಟ್ಟಿಯಲ್ಲಿ ಮುಳುಗಿತು. ಅದು ಇಪ್ಪತ್ತನ್ನು ಒಟ್ಟಿಗೇ ತೊಳೆಯುವಂಥದ್ದು, ಬದಲಿಸಲು ಹಣವಿಲ್ಲ. ಸರಳಿನ ದಾಸ್ತಾನು ಇಳಿಸಹೋದೆ, ಪೂರೈಕೆದಾರರ ಲಾರಿ ತಡವಾಗಿ ಎಲ್ಲವೂ ನಿಂತಿತು. ಈಗ ಸರಳು ಎರಡು ವಾರದ್ದು ಇರಲಿ ಎಂದು ಬಿಟ್ಟಿದ್ದೇನೆ. ಯಂತ್ರಕ್ಕೊಂದು ಕೆಂಪು ದೀಪ ಹಾಕಿದ್ದು ಬಹಳ ಕಾಲ ಉರಿಯಲೇ ಇಲ್ಲ, ಹೊತ್ತಿಸಿದವನಿಗೆ ಫೋರ್‌ಮನ್ ಬೈಗುಳ ಸಿಗುತ್ತಿತ್ತಲ್ಲ. ದೀಪದ ಬಳಿ ಬಂದವರು ಮೊದಲು ‘ಏನು ಬೇಕು?’ ಎಂದೇ ಕೇಳಬೇಕು ಎಂದು ನಿಯಮ ಮಾಡಿದ ಮೇಲೆ ಉರಿಯತೊಡಗಿತು. ಒಂದು ದೀಪ ಒಂದು ಪಾಳಿಯಿಡೀ ಉರಿಯದಿದ್ದರೆ ಈಗ ನನಗೆ ಅನುಮಾನ.

ಇದೇ ಹುರುಪಿನಲ್ಲಿ ಕಚೇರಿಗೂ ಕೈ ಹಾಕಿದೆ. ದರಪಟ್ಟಿ ಕೇಳಿದ ಗ್ರಾಹಕರಿಗೆ ಉತ್ತರ ಹೋಗಲು ಹತ್ತು ಹನ್ನೊಂದು ದಿನ, ಅಸಲು ಕೆಲಸ ಒಂದೂವರೆ ಗಂಟೆ. ಮೇಜಿನ ಮೇಲೆ ಆರು ಕಡತಕ್ಕಿಂತ ಹೆಚ್ಚು ಇರಬಾರದು ಎಂದೆ. ಉಳಿದವು ಡ್ರಾಯರಿಗೆ ಹೋದವು. ಡ್ರಾಯರ್ ತೆಗೆಸಿದೆ. ಆ ಸಿಟ್ಟು ಇನ್ನೂ ಇಳಿದಿಲ್ಲ, ಆದರೆ ದರಪಟ್ಟಿ ಮೂರನೆಯ ದಿನಕ್ಕೆ ಹೊರಡುತ್ತಿದೆ.

ಇನ್ನು ಟ್ರಾಲಿಯ ಸಂಖ್ಯೆ. 50ರಿಂದ ಎರಡೆರಡಾಗಿ ಕಡಿಮೆ ಮಾಡುತ್ತ ಹೋದೆ. 38ಕ್ಕೆ ಬಂದಾಗ ಗ್ರೈಂಡಿಂಗ್ ಮುಂದೆ ಮಾಲಿಲ್ಲದೆ ಬಾಯಿ ಬಿಟ್ಟಿತು, ಮತ್ತೆ 44ಕ್ಕೆ ಏರಿಸಿದೆ. ಸರಳಿನಿಂದ ಗೇಟಿನ ತನಕ ಈಗ ಏಳು ದಿನದ ಸುಮಾರು. ಯಾವ ಆರ್ಡರ್‌ನ ಟ್ರಾಲಿ ಮೊದಲು ಹೊರಡಬೇಕು ಎಂದು ಬೆಳಿಗ್ಗೆ ತೀರ್ಮಾನಿಸುವುದಕ್ಕೆ ನನ್ನದೊಂದು ಲೆಕ್ಕವಿದೆ. ಅದನ್ನು ಫೋನಿನಲ್ಲಿ ಕೇಳಿದರೂ ಹೇಳುವುದಿಲ್ಲ. ನೀವು ಮಾತ್ರ 44ರಿಂದ ಶುರುಮಾಡಬೇಡಿ. ನಿಮ್ಮ ಅತಿ ನಿಧಾನದ ಯಂತ್ರದ ಮುಂದೆ ಎಷ್ಟು ಮಾಲು ಇದ್ದರೆ ಅದು ಹಸಿಯುವುದಿಲ್ಲ ಎಂದು ಮೊದಲು ನೋಡಿ, ಹಲಗೆಗೆ ತೂತು ಕೊರೆಸಿ, ಬೀಗದ ಕೈ ನಿಮ್ಮ ಬಳಿಯೇ ಇಟ್ಟುಕೊಳ್ಳಿ.