ಸೋತ ಕೈ ಮೊದಲು: ಹದಿನಾರಕ್ಕೆ ಸಿಎನ್‌ಎ ಆದ ನನ್ನ ಅನುಭವ

ಸಿಎನ್‌ಎ ಅಂದರೆ ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್, ನರ್ಸ್‌ಗಳ ಕೈಕೆಳಗೆ ರೋಗಿಗಳನ್ನು ನೋಡಿಕೊಳ್ಳುವ ಸಹಾಯಕಿ. ಅದರ ಸ್ಕಿಲ್ಸ್ ಟೆಸ್ಟ್‌ನಲ್ಲಿ (ಕೈಯಾರೆ ಮಾಡಿ ತೋರಿಸುವ ಪರೀಕ್ಷೆ) ಮೊದಲ ಸಲ ಫೇಲಾದಾಗ ನಮ್ಮ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಆಂಟಿಯರು ಒಳಗೊಳಗೇ ಖುಷಿಪಟ್ಟರು ಅಂತ ನನ್ನ ಗುಮಾನಿ. "ಕಾಲೇಜು ಸೇರೋ ಎಸ್‌ಎಟಿ ಪರೀಕ್ಷೆಗೆ ಓದೋದು ಬಿಟ್ಟು ಮುದುಕರ ಡೈಪರ್ ಬದಲಾಯಿಸೋಕೆ ಹೊರಟಿದೆ ಮಗು" ಅಂತ ಒಬ್ಬರು ಅಮ್ಮನಿಗೆ ಹೇಳಿಯೂ ಬಿಟ್ಟಿದ್ದರು. ಈಗ ಸರ್ಟಿಫಿಕೇಟ್ ಕೈಲಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಕ್ಯಾಲಿಫೋರ್ನಿಯಾದಲ್ಲಿ 16 ತುಂಬಿದ್ದರೆ ಸಾಕು. 60 ಗಂಟೆ ಕ್ಲಾಸು, 100 ಗಂಟೆ ಕ್ಲಿನಿಕಲ್ (ರೋಗಿಗಳ ಜೊತೆ ಪ್ರಾಯೋಗಿಕ ತರಬೇತಿ), ಒಂದು ಬೇಸಿಗೆ ರಜೆ ಪೂರ್ತಿ ಹೋಯಿತು. ಫೀಸು 1,900 ಡಾಲರ್ ಆಸುಪಾಸು. ಬೆರಳಚ್ಚು, ಟಿಬಿ ಟೆಸ್ಟ್, ಎರಡು ಜೊತೆ ಸ್ಕ್ರಬ್ಸ್ (ಆಸ್ಪತ್ರೆ ಸಮವಸ್ತ್ರ), ಬಿಳಿ ಶೂ, ಪರೀಕ್ಷೆ ಫೀಸು ಎಲ್ಲ ಸೇರಿ ಇನ್ನೊಂದು 350 ಇರಬೇಕು. ಅಪ್ಪ ಅರ್ಧ ಕೊಟ್ಟರು. ಉಳಿದದ್ದು ಪಕ್ಕದ ಬೀದಿಯ ಹುಡುಗರಿಗೆ ಲೆಕ್ಕ ಹೇಳಿಕೊಟ್ಟು ಕೂಡಿಟ್ಟ ದುಡ್ಡು.

ಫೇಲಾಗಿದ್ದು ಎಲ್ಲಿ ಗೊತ್ತಾ? ಹಾಸಿಗೆಯಿಂದ ವೀಲ್‌ಚೇರ್‌ಗೆ ಕೂರಿಸುವಾಗ. ಬೆಲ್ಟ್ ಕಟ್ಟಿದೆ, ಚಪ್ಪಲಿ ಹಾಕಿಸಿದೆ, ಎಬ್ಬಿಸಿ ಕೂರಿಸಿದೆ. ಆಮೇಲೆ ಕೆಳಗೆ ನೋಡಿದರೆ ಬ್ರೇಕ್ ಹಾಕಿಲ್ಲ! ಉಳಿದ ನಾಲ್ಕು ಸ್ಕಿಲ್ ಸರಿಯಾಗಿದ್ದವು, ಆದರೂ ಐದರಲ್ಲಿ ಒಂದು ಹೋದರೆ ಎಲ್ಲ ಹೋದಂತೆ. ಮನೆಗೆ ಬಂದು ಅತ್ತೆ. ಆಮೇಲೆ ಹೊಳೆಯಿತು: ನಾನು ಪ್ರಾಕ್ಟೀಸ್ ಮಾಡಿದ್ದೆಲ್ಲ ಅಪ್ಪನ ಆಫೀಸ್ ಕುರ್ಚಿಯಲ್ಲಿ. ಅದಕ್ಕೆ ಬ್ರೇಕೇ ಇಲ್ಲ, ಕೈಗೆ ಅಭ್ಯಾಸ ಆಗೋದಾದರೂ ಹೇಗೆ? ಮರುದಿನವೇ 40 ಡಾಲರ್‌ಗೆ ಹಳೇ ವೀಲ್‌ಚೇರ್ ಒಂದನ್ನು ತಂದೆವು. ಆ ಪರೀಕ್ಷೆಗೆ ನಾನು ಖರ್ಚು ಮಾಡಿದ್ದರಲ್ಲಿ ಅತಿ ಬುದ್ಧಿವಂತ ಖರ್ಚು ಅದು.

ಆಗ ಹಾಸನದಿಂದ ಅಜ್ಜಿ ಬಂದಿದ್ದರು. ಅಜ್ಜಿಗೆ ಇಂಗ್ಲಿಷ್ ಬರಲ್ಲ. ಪರೀಕ್ಷೆಯಲ್ಲಿ ಪೇಷಂಟ್ ಮುಖ ನೋಡಿ, ಏನು ಮಾಡುತ್ತೇವೆ ಅಂತ ನಿಧಾನವಾಗಿ ಹೇಳಬೇಕು, ಅಲ್ವಾ? ನಾನು ಎಲ್ಲ ಸ್ಟೆಪ್ಪೂ ಕನ್ನಡದಲ್ಲಿ ಅಜ್ಜಿಗೆ ಹೇಳುತ್ತಾ ಮಾಡತೊಡಗಿದೆ. "ಹಾಗೆ ಮಾಡಿದರೆ ಟೆಸ್ಟ್ ದಿನ ತೊದಲುತ್ತೀಯ" ಅಂದರು ನಮ್ಮ ಇನ್‌ಸ್ಟ್ರಕ್ಟರ್. ಗೆಳತಿಯರೂ ನಕ್ಕರು. ಆದರೆ ಅಜ್ಜಿ ಸುಮ್ನೆ ಕೂರುವವರಲ್ಲ. ಪ್ರತಿ ಸ್ಟೆಪ್ಪಿಗೂ "ಯಾಕೆ ಮಗಾ?" ಅಂತ ಕೇಳೋರು. ಎರಡು ಸಲ ಉತ್ತರ ಕೊಟ್ಟ ಸ್ಟೆಪ್ಪನ್ನು ಮರೆಯೋಕೆ ಆಗೋದೇ ಇಲ್ಲ. ಪಾರ್ಶ್ವವಾಯು ಹೊಡೆದವರಿಗೆ ಅಂಗಿ ಹಾಕೋದು ನನಗೆ ಯಾವಾಗಲೂ ಉಲ್ಟಾ ಆಗುತ್ತಿತ್ತು. ಅಜ್ಜಿಯೇ ಅದಕ್ಕೊಂದು ಗಾದೆ ಕಟ್ಟಿದರು: "ಹಾಕುವಾಗ ಸೋತ ಕೈ, ತೆಗೆಯುವಾಗ ಗಟ್ಟಿ ಕೈ." ಇವತ್ತಿಗೂ ಡ್ಯೂಟಿಯಲ್ಲಿ ಮನಸ್ಸಲ್ಲಿ ಅದೇ ಓಡುತ್ತೆ.

ಒಂದು ತಮಾಷೆ. ಉಸಿರು ಎಣಿಸುತ್ತೇನೆ ಅಂದ ಕೂಡಲೇ ಅಜ್ಜಿ ಪ್ರಾಣಾಯಾಮ ಶುರು ಮಾಡಿದರು. ನಿಮಿಷಕ್ಕೆ 7! ನಾಡಿ ನೋಡುವ ಹಾಗೆ ಕೈ ಹಿಡಿದು, ಏನೂ ಹೇಳದೆ ಎಣಿಸಿದರೆ 17. ಕೈ ತೊಳೆಯೋದಕ್ಕೂ ಒಂದು ಪ್ರಯೋಗ ಮಾಡಿದೆ. ಎಣ್ಣೆಯಲ್ಲಿ ಅರಿಶಿನ ಕಲಸಿ ಎರಡೂ ಕೈಗೆ ಬಳಿದುಕೊಂಡು 20 ಸೆಕೆಂಡ್ ಸೋಪು ಹಾಕಿ ಉಜ್ಜಿದೆ. ಹೆಬ್ಬೆರಳ ಬುಡ ಮತ್ತು ಉಗುರಿನ ಸಂದು ಹಳದಿ ಹಳದಿ. ಸಿಂಕ್ ನೋಡಿ ಅಮ್ಮ ಬೈದಿದ್ದು ಬೇರೆ ಕಥೆ. ಮೂತ್ರ ಅಳೆಯೋಕೆ ತಣ್ಣಗಾದ ಡಿಕಾಕ್ಷನ್‌ಗೆ ನೀರು ಬೆರೆಸಿ ಬಳಸಿದೆ. 25 ಎಂಎಲ್ ಆಚೀಚೆ ಆದರೆ ಪರವಾಗಿಲ್ಲ ಅನ್ನುತ್ತಾರೆ, ನನ್ನದು 10ರ ಒಳಗೇ ಬರುತ್ತಿತ್ತು. ಹೇಗೆ ಅಂತ ಇಲ್ಲಿ ಬರೆಯಲ್ಲ. ಮುಂದಿನ ವರ್ಷ ನನ್ನ ತಂಗಿ ಪರೀಕ್ಷೆಗೆ ಕೂರುತ್ತಾಳೆ.

ಎರಡನೇ ಸಲ ಇನ್ನೊಂದು ನೂರರ ಹತ್ತಿರ ಕಟ್ಟಿದೆ. ಐದಕ್ಕೆ ಐದೂ ಪಾಸ್. ಒಂದು ಕಡೆ ಬಾಯಿತಪ್ಪಿ "ಆಯ್ತಾ?" ಅಂದೆ. ಪರೀಕ್ಷಕಿ ತಲೆ ಎತ್ತಿ ನೋಡಿ ಮತ್ತೆ ಬರೆದುಕೊಂಡರು, ಅಷ್ಟೇ.

ಈಗ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ನರ್ಸಿಂಗ್ ಹೋಮ್‌ನಲ್ಲಿದ್ದೇನೆ, ಗಂಟೆಗೆ 21 ಡಾಲರ್ ಚಿಲ್ಲರೆ. ಶಾಲೆಯ ವರ್ಕ್ ಪರ್ಮಿಟ್ ಬೇಕಾಯಿತು. ಶಾಲೆ ಇರುವ ದಿನ ಸಾಮಾನ್ಯವಾಗಿ 4 ಗಂಟೆಗಿಂತ ಜಾಸ್ತಿ ಮಾಡುವಂತಿಲ್ಲ. ಪೇಷಂಟ್‌ಗಳನ್ನು ಎತ್ತುವ ಕರೆಂಟ್ ಲಿಫ್ಟನ್ನು 18 ಆಗುವವರೆಗೆ ಒಬ್ಬರೇ ಮುಟ್ಟುವ ಹಾಗಿಲ್ಲ, ಟ್ರೇನಿಂಗ್ ಆದ ದೊಡ್ಡವರ ಜೊತೆ ಸಹಾಯಕ್ಕೆ ನಿಲ್ಲಬಹುದು. ಎಚ್-4 ವೀಸಾದಲ್ಲಿರುವ (ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವ ವೀಸಾ) ಮಕ್ಕಳು ಸಂಬಳದ ಕೆಲಸ ಮಾಡುವಂತಿಲ್ಲ, ದುಡ್ಡು ಕಟ್ಟುವ ಮೊದಲೇ ಇದನ್ನು ಯೋಚಿಸಿ. ಇನ್ನೊಂದು ಮಾತು: ಕೋರ್ಸ್ ಮುಗಿಸಿ 12 ತಿಂಗಳ ಒಳಗೆ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಒಪ್ಪುವ ನರ್ಸಿಂಗ್ ಹೋಮ್ ಸೇರಿದರೆ ಫೀಸು ವಾಪಸ್ ಕೇಳುವ ಹಕ್ಕಿದೆ. ಕೇಳದಿದ್ದರೆ ಯಾರೂ ತಾವಾಗಿ ಹೇಳಲ್ಲ. ನಾನು ರಸೀದಿಗಳನ್ನೆಲ್ಲ ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಇಟ್ಟಿದ್ದೆ, ಅರ್ಜಿ ಹಾಕಿದ್ದೇನೆ.

ವೀಲ್‌ಚೇರ್ ಇನ್ನೂ ನಮ್ಮ ಗ್ಯಾರೇಜ್‌ನಲ್ಲೇ ಇದೆ. ಫ್ರೀಮಾಂಟ್ ಕಡೆ ಸಿಎನ್‌ಎಗೆ ಓದುವವರು ಯಾರಾದರೂ ಇದ್ದರೆ ಒಯ್ಯಬಹುದು. ಎಡಗಡೆ ಪಾದದ ಹಲಗೆ ಸ್ವಲ್ಪ ಅಲ್ಲಾಡುತ್ತೆ. ಬ್ರೇಕ್ ಮಾತ್ರ ಗಟ್ಟಿ.