ಫೀನಿಕ್ಸ್‌ನ ಶರತ್ಕಾಲ: ಹೊಸದಾಗಿ ಬಂದವರಿಗೆ

ಉದ್ಯೋಗದ ನಿಮಿತ್ತ ಬೇಸಿಗೆಯಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ಗೆ, ಅದರ ಸುತ್ತಲಿನ ಚಾಂಡ್ಲರ್, ಗಿಲ್ಬರ್ಟ್, ಟೆಂಪಿ ಕಡೆಗೆ ಬಂದಿಳಿದ ಕನ್ನಡ ಕುಟುಂಬಗಳು ಸೆಪ್ಟೆಂಬರ್ ಬಂದೊಡನೆ ಕೇಳುವ ಮೊದಲ ಪ್ರಶ್ನೆ, ಈ ಸೆಕೆ ಯಾವಾಗ ಇಳಿಯುತ್ತದೆ ಎಂಬುದು. ಅಂಗಡಿಗಳಲ್ಲಿ ಕುಂಬಳಕಾಯಿಗಳೂ ಕೆಂಪು ಎಲೆಯ ತೋರಣಗಳೂ ಬಂದಿರುತ್ತವೆ. ಹೊರಗೆ ಮಾತ್ರ ಮಧ್ಯಾಹ್ನದ ಉಷ್ಣಾಂಶ 100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ. 2024ರ ಸೆಪ್ಟೆಂಬರ್ 28ರಂದು ಇಲ್ಲಿ 117 ಡಿಗ್ರಿ (47 ಸೆಲ್ಸಿಯಸ್) ದಾಖಲಾಗಿತ್ತು. ಆದ್ದರಿಂದ ನಮ್ಮ ಪಂಚಾಂಗದ ಶರದೃತುವನ್ನೂ ಅಂಗಡಿಯವರ ಶರತ್ಕಾಲವನ್ನೂ ಬದಿಗಿಟ್ಟು, ಅಕ್ಟೋಬರ್ ಎರಡನೆಯ ವಾರದ ನಂತರವೇ ಹವೆ ತಿರುಗುತ್ತದೆಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಫೀನಿಕ್ಸ್ ಇರುವ ಸೊನೋರನ್ ಮರುಭೂಮಿಯಲ್ಲಿ ಋತು ಬದಲಾಗುವುದು ಮೊದಲು ರಾತ್ರಿಯಲ್ಲಿ. ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆಂದು ಗುರುತಿಸಿರುವ ಇಲ್ಲಿನ ಮಾನ್ಸೂನ್ ಮುಗಿದು, ಗಾಳಿಯಲ್ಲಿನ ತೇವ ಕಡಿಮೆಯಾಯಿತೆಂದರೆ ನೆಲವು ಹಗಲಿನ ಕಾವನ್ನು ಬೇಗ ಬಿಟ್ಟುಕೊಡುತ್ತದೆ. ಹೀಗಾಗಿ ಮಧ್ಯಾಹ್ನ 34 ಸೆಲ್ಸಿಯಸ್ ಇದ್ದ ದಿನವೇ ಬೆಳಗಿನ ಜಾವಕ್ಕೆ 19ಕ್ಕೆ ಇಳಿದಿರುವುದುಂಟು. ಬೇಸಿಗೆಯಿಡೀ ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರೇ ಬರುವುದನ್ನು ನೀವು ಕಂಡಿರುತ್ತೀರಿ. ಬೆಳಿಗ್ಗೆ ಮುಖ ತೊಳೆಯುವಾಗ ಆ ನೀರು ತಣ್ಣಗೆ ತಾಗಿತೆಂದರೆ, ರಾತ್ರಿ ಎ.ಸಿ. ನಿಲ್ಲಿಸಿ ಕಿಟಕಿ ತೆರೆಯುವ ಕಾಲ ಬಂತೆಂದು ತಿಳಿಯಬಹುದು. ಹಾಗೆಂದು ಕರೆಂಟ್ ಬಿಲ್ ಕೂಡಲೇ ಇಳಿಯುವುದಿಲ್ಲ. ಇಲ್ಲಿನ ಎರಡೂ ದೊಡ್ಡ ವಿದ್ಯುತ್ ಸಂಸ್ಥೆಗಳ ದರಪಟ್ಟಿಯಲ್ಲಿ ಬೇಸಿಗೆ ಅಕ್ಟೋಬರ್ ಕೊನೆಯವರೆಗೂ ಇರುತ್ತದೆ.

ಅಮೆರಿಕದ ಬಹುಭಾಗದಲ್ಲಿ ಕೈತೋಟ ಮುಚ್ಚುವ ಈ ಹೊತ್ತಿನಲ್ಲಿ ಇಲ್ಲಿ ಬಿತ್ತನೆ ಆರಂಭವಾಗುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಈ ಊರಿನ ನಿಜವಾದ ಸುಖ ಇದೇ. ಮೆಂತ್ಯ, ಕೊತ್ತಂಬರಿ, ಪಾಲಕ್, ಮೂಲಂಗಿ, ಕ್ಯಾರೆಟ್, ಬಟಾಣಿ ಎಲ್ಲವೂ ಅಕ್ಟೋಬರ್‌ನಲ್ಲಿ ನೆಲಕ್ಕೆ ಬಿದ್ದರೆ ಚೆನ್ನಾಗಿ ಬರುತ್ತವೆ. ಸೆಪ್ಟೆಂಬರ್ ಮೊದಲಲ್ಲೇ ಅವಸರಪಟ್ಟರೆ ಕೊತ್ತಂಬರಿ ಮೊಳೆಯುವುದಿಲ್ಲ, ಮೊಳೆತರೂ ಎಲೆ ಬಿಡುವ ಮುನ್ನ ಹೂವಿಗೆ ನಿಲ್ಲುತ್ತದೆ. ಹಿತ್ತಿಲಿನ ಮಣ್ಣು ಕ್ಷಾರಗುಣದ್ದು, ಎಷ್ಟೋ ಕಡೆ ಗುದ್ದಲಿಗೂ ಬಗ್ಗದ ಸುಣ್ಣದ ಪದರವಿರುತ್ತದೆ. ಹಲಗೆ ಕಟ್ಟಿ ಏರಿಸಿದ ಪಾತಿಗೆ ಗೊಬ್ಬರಮಣ್ಣು ತುಂಬಿಸುವುದೇ ಲೇಸು. ಧನಿಯಾವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ ಬಿತ್ತಿ, ಮೊಳಕೆ ಬರುವತನಕ ಮೇಲ್ಮಣ್ಣು ಒಣಗದಂತೆ ನೋಡಿಕೊಳ್ಳಿ. ಮೊಳಕೆ ಕಂಡ ದಿನವೇ ಬಲೆ ಹೊದಿಸಬೇಕು, ಏಕೆಂದರೆ ತಲೆಯ ಮೇಲೆ ಜುಟ್ಟಿರುವ ಇಲ್ಲಿನ ಲಾವಕ್ಕಿಗಳು ಗುಂಪುಗುಂಪಾಗಿ ಬಂದು ಪಾತಿಯನ್ನು ಬೋಳಿಸಿ ಹೋಗುತ್ತವೆ. ಉಳಿದದ್ದು ಮೊಲಗಳ ಪಾಲು. ಕರಿಬೇವಿನ ಗಿಡವನ್ನು ಮಾತ್ರ ಕುಂಡದಲ್ಲೇ ಇಡಿ. ಡಿಸೆಂಬರ್, ಜನವರಿಯ ಕೆಲವು ರಾತ್ರಿಗಳಲ್ಲಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿಯಾಗುವುದರಿಂದ ಅದನ್ನು ಒಳಗೆ ತರಬೇಕಾಗುತ್ತದೆ.

ಬಣ್ಣದ ಎಲೆಗಳನ್ನು ನೋಡಲೇಬೇಕೆಂಬ ಆಸೆಯಿದ್ದರೆ ಬೆಟ್ಟ ಹತ್ತಬೇಕು. ಸುಮಾರು 1,100 ಅಡಿ ಎತ್ತರದ ಫೀನಿಕ್ಸ್‌ನಿಂದ ಐ-17 ಹೆದ್ದಾರಿಯಲ್ಲಿ ಎರಡು ಗಂಟೆಗೂ ತುಸು ಹೆಚ್ಚು ಸಾಗಿದರೆ 7,000 ಅಡಿ ಎತ್ತರದ ಫ್ಲಾಗ್‌ಸ್ಟಾಫ್ ಸಿಗುತ್ತದೆ; ಅದರ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳ ಇಳಿಜಾರಿನಲ್ಲಿ ಆಸ್ಪೆನ್ ಮರಗಳು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಹೊಂಬಣ್ಣಕ್ಕೆ ತಿರುಗುತ್ತವೆ. ಶಾಲೆಗಳ ಅಕ್ಟೋಬರ್ ರಜೆಯಲ್ಲಿ ಹೋಗಬಹುದು, ಆದರೆ ಸ್ವೆಟರ್ ಮರೆಯಬೇಡಿ. ಇಷ್ಟು ದೂರ ಬೇಡವೆನ್ನುವವರು ಸುಪೀರಿಯರ್ ಊರಿನ ಬಾಯ್ಸ್ ಥಾಂಪ್ಸನ್ ಸಸ್ಯೋದ್ಯಾನಕ್ಕೆ ನವೆಂಬರ್ ಕೊನೆಯಲ್ಲಿ ಹೋಗಬಹುದು. ಅಲ್ಲಿನ ಚೀನೀ ಪಿಸ್ತಾ ಮರಗಳು ಆಗ ಕೆಂಪಾಗಿರುತ್ತವೆ.

ಆರೋಗ್ಯದ ಒಂದು ವಿಷಯವನ್ನು ಹಗುರವಾಗಿ ಕಾಣಬೇಡಿ. ಇಲ್ಲಿನ ಮಣ್ಣಿನಲ್ಲಿರುವ ಒಂದು ಶಿಲೀಂಧ್ರದ ಕಣಗಳು ಧೂಳಿನೊಂದಿಗೆ ಶ್ವಾಸಕೋಶ ಸೇರಿದರೆ ‘ವ್ಯಾಲಿ ಫೀವರ್’ ಬರುತ್ತದೆ, ಮತ್ತು ಒಣಹವೆಯ ಅಕ್ಟೋಬರ್, ನವೆಂಬರ್ ಅದು ಹೆಚ್ಚುವ ಕಾಲಗಳಲ್ಲೊಂದು. ಇದು ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಬಹುತೇಕರಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಕೆಮ್ಮು, ಜ್ವರ, ಸುಸ್ತು ವಾರಗಟ್ಟಲೆ ಬಿಡದಿದ್ದರೆ ನೆಗಡಿಯೆಂದು ಕಷಾಯ ಕುಡಿದು ಸುಮ್ಮನಿರದೆ, ಇದರ ರಕ್ತಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ನೀವೇ ಕೇಳಿ. ಊರಿನಿಂದ ಬಂದಿರುವ ತಂದೆತಾಯಿಗೆ ಸಕ್ಕರೆ ಕಾಯಿಲೆಯಿದ್ದರೆ ತಡಮಾಡಲೇಬೇಡಿ.

ನವೆಂಬರ್ ಹೊತ್ತಿಗೆ ಹಗಲು 25 ಸೆಲ್ಸಿಯಸ್ ಆಗಿ, ನಡು ಮಧ್ಯಾಹ್ನವೂ ಹೊರಗೆ ಎಲೆ ಹಾಕಿ ಊಟಕ್ಕೆ ಕೂರಬಹುದು. ರಾಜ್ಯೋತ್ಸವವೂ ದೀಪಾವಳಿಯೂ ಆಸುಪಾಸಿನಲ್ಲೇ ಬರುವುದರಿಂದ ಎಲ್ಲರಿಗೂ ಉದ್ಯಾನಗಳ ಚಪ್ಪರಗಳೇ ಬೇಕು. ಇವನ್ನು ಇಲ್ಲಿ ರಮಾಡಾ ಎನ್ನುತ್ತಾರೆ. ಚಳಿಗಾಲ ಕಳೆಯಲು ಕೆನಡಾದಿಂದಲೂ ಉತ್ತರದ ರಾಜ್ಯಗಳಿಂದಲೂ ಬರುವ ಹಿರಿಯರೂ ಆಗಲೇ ಬಂದಿಳಿಯುತ್ತಾರೆ. ನೆರಳು, ನೀರಿನ ನಲ್ಲಿ, ಶೌಚಾಲಯ ಮೂರೂ ಹತ್ತಿರವಿರುವ ರಮಾಡಾ ವಾರಾಂತ್ಯಕ್ಕೆ ಬೇಕಿದ್ದರೆ, ಹೊರಗೆ ಕಾಲಿಡಲಾಗದ ಆಗಸ್ಟ್‌ನಲ್ಲೇ ನಿಮ್ಮ ನಗರಾಡಳಿತದಲ್ಲಿ ಕಾಯ್ದಿರಿಸಿಬಿಡಿ.